ಮೊಟ್ಟೆ ಇಡುವ ಕಾಲದಲ್ಲಿ ಗಾಳ: ಹಿಡಿದು ಬಿಟ್ಟರೂ ತಪ್ಪಾ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಮಾಡ್ತೀನಿ ಸರ್. ನಾಲ್ಕು ವರ್ಷದಿಂದ ಗಾಳದ ಹುಚ್ಚು ಹಿಡಿದಿದೆ. ಹಿಡಿದ ಮೀನನ್ನು ತಿನ್ನಲ್ಲ, ಒಂದು ಫೋಟೊ ತೆಗೆದು ನೀರಿಗೆ ಬಿಟ್ಟುಬಿಡ್ತೀನಿ. ಮಳೆ ಶುರುವಾದಾಗ ಕೊಡಗಿನ ಕಡೆ ಕಾವೇರಿಯಲ್ಲಿ ದೊಡ್ಡ ಮಹಶೀರ್ ಸಿಗುತ್ತೆ ಅಂತ ಗೆಳೆಯರು ಕರೀತಿದ್ದಾರೆ. ಅಲ್ಲಿನ ಒಬ್ಬ ಹಿರಿಯರು ಮಾತ್ರ "ಅದು ಮೊಟ್ಟೆ ಇಡೋ ಕಾಲ, ಬರಬೇಡಿ" ಅಂದರು. ಕೊಲ್ಲದೆ ಬಿಟ್ಟರೂ ತಪ್ಪಾ? ತೋಟೆ ಸಿಡಿಸಿ ಮೀನು ಕೊಲ್ಲೋರನ್ನು ಬಿಟ್ಟು ನಮ್ಮನ್ನೇ ಯಾಕೆ ತಡೀತಾರೆ?

ಉತ್ತರ: ಆ ಹಿರಿಯರ ಮಾತು ಕೇಳಿ. ಹೋಗಬೇಡಿ. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ ಅಂತ ಪತ್ರ ಓದಿದರೇ ಗೊತ್ತಾಗುತ್ತದೆ. ಹಾಗಾಗಿ ಸುಮ್ನೆ ಬೇಡ ಅಂದುಬಿಡದೆ ಕಾರಣವನ್ನೂ ಹೇಳುತ್ತೇನೆ.

ನೈಋತ್ಯ ಮಳೆ ಹಿಡಿದು ಹೊಳೆ ಕೆಂಪಾಗಿ ಏರಿದಾಗ ಮಹಶೀರ್ ಆಳದ ಮಡು ಬಿಟ್ಟು ಮೇಲಕ್ಕೆ ಹೊರಡುತ್ತದೆ. ಜಲ್ಲಿಕಲ್ಲು ಇರುವ, ನೀರು ಓಡುತ್ತಿರುವ, ಗಾಳಿ ಚೆನ್ನಾಗಿ ಬೆರೆತ ಜಾಗ ಅದಕ್ಕೆ ಬೇಕು. ಮಲೆನಾಡಿನವರಿಗೆ ಇದು ಹೊಸ ವಿಷಯವಲ್ಲ. ಮೊದಲ ಮಳೆಗೆ ಸಣ್ಣ ಮೀನುಗಳು ಹಳ್ಳ ಹತ್ತಿ ಗದ್ದೆಗೆ ಬರುವುದನ್ನು ಹತ್ತುಮೀನು ಅಂತ ಕರೆದು, ರಾತ್ರಿ ಬ್ಯಾಟರಿ ಹಿಡಿದು ಕತ್ತಿ, ಕೂಣಿ (ಮೀನು ಹಿಡಿಯುವ ಬುಟ್ಟಿ) ತಗೊಂಡು ಹೋಗುವುದನ್ನು ನೋಡಿಯೇ ಇರುತ್ತೀರಿ. ಆ ಹೊತ್ತಿನಲ್ಲಿ ಮೀನು ಇಷ್ಟು ಸುಲಭವಾಗಿ ಯಾಕೆ ಸಿಗುತ್ತದೆ? ಅದರ ಗಮನವೆಲ್ಲ ಮೇಲೆ ಹತ್ತುವುದರಲ್ಲೇ ಇರುತ್ತದೆ, ಎಲ್ಲವೂ ಒಂದೇ ದಾರಿಯಲ್ಲಿ ಗುಂಪಾಗಿ ಬರುತ್ತವೆ, ಕೆಲವೇ ಕಿರಿದಾದ ಜಾಗಗಳಲ್ಲಿ ಸೇರುತ್ತವೆ. ನಿಮ್ಮ ಗೆಳೆಯರು "ದೊಡ್ಡದು ಸಿಗುತ್ತೆ" ಅಂದದ್ದು ಇದೇ ಕಾರಣಕ್ಕೆ. ಆ ದೊಡ್ಡದು ಬಹುಪಾಲು ಹೊಟ್ಟೆ ತುಂಬಾ ಮೊಟ್ಟೆ ಹೊತ್ತ ಹೆಣ್ಣು.

ಕಾಟ್ಲಾ, ರೋಹು ಮೀನುಗಳು ಮೈತೂಕದ ಒಂದೊಂದು ಕಿಲೋಗೂ ಲಕ್ಷ ದಾಟಿ ಮೊಟ್ಟೆ ಇಡುತ್ತವೆ. ಮಹಶೀರ್ ಇಡುವುದು ಕೆಲವು ಸಾವಿರ ಮಾತ್ರ. ಹಾಗಾಗಿ ಒಂದು ದೊಡ್ಡ ಹೆಣ್ಣಿಗೆ ಆ ವರ್ಷ ತೊಂದರೆಯಾದರೆ ಹೊಳೆಗೆ ಆಗುವ ನಷ್ಟ ತುಂಬಾ ಜಾಸ್ತಿ.

ಈಗ ಗಾಳಕ್ಕೆ ಸಿಕ್ಕ ಮೀನಿನ ಮೈಯೊಳಗೆ ಏನಾಗುತ್ತದೆ ನೋಡಿ. ಹದಿನೈದು ಇಪ್ಪತ್ತು ನಿಮಿಷ ಎಳೆದಾಡುವಾಗ ಅದು ಓಟಗಾರ ಓಡಿದ ಹಾಗೆ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡುತ್ತದೆ, ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ರಕ್ತದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಆಮೇಲೆ ನಾವು ಅದನ್ನು ನೀರಿನಿಂದ ಎತ್ತುತ್ತೇವೆ. ಗಾಳಿಯಲ್ಲಿ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಂದರೆ ತುಂಬಾ ಉಸಿರು ಬೇಕಾದ ಹೊತ್ತಿಗೇ ಉಸಿರು ಕಟ್ಟುತ್ತದೆ. 1992ರಲ್ಲಿ ಪ್ರಕಟವಾದ ಕೆನಡಾದ ಒಂದು ಪ್ರಯೋಗದಲ್ಲಿ ರೇನ್‌ಬೋ ಟ್ರೌಟ್ ಮೀನುಗಳನ್ನು ದಣಿಸಿ ನೋಡಿದರು. ದಣಿಸಿ ಹಾಗೇ ನೀರಿನಲ್ಲಿ ಬಿಟ್ಟವುಗಳಲ್ಲಿ ನೂರಕ್ಕೆ 12 ಸತ್ತವು. ದಣಿಸಿದ ಮೇಲೆ 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ 38, ಒಂದು ನಿಮಿಷ ಹಿಡಿದವುಗಳಲ್ಲಿ 72 ಸತ್ತವು. ಅದು ಪ್ರಯೋಗಾಲಯದ ಕಠಿಣ ಪರಿಸ್ಥಿತಿ, ಮಹಶೀರ್ ಅದಕ್ಕಿಂತ ಗಟ್ಟಿ ಮೀನು. ಕಾವೇರಿಯಲ್ಲೇ ನೀಲಿ ರೆಕ್ಕೆಯ ಮಹಶೀರ್ ಮೇಲೆ ನಡೆದ ಅಧ್ಯಯನದಲ್ಲಿ, ನಾಜೂಕಾಗಿ ಹಿಡಿದು ಬಿಟ್ಟರೆ ದೊಡ್ಡ ಗಾಯ, ಸಾವು ತೀರಾ ಕಡಿಮೆ ಅಂತಲೇ ಕಂಡಿತು. ಅದಕ್ಕೇ ಉಳಿದ ಕಾಲದಲ್ಲಿ ಹಿಡಿದು ಬಿಡುವುದನ್ನು ನಾನು ವಿರೋಧಿಸುವುದಿಲ್ಲ.

ಆದರೆ ಮೊಟ್ಟೆ ಇಡುವ ಕಾಲದಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ. ಮೀನು ಬದುಕಿತು, ಸರಿ. ಮೊಟ್ಟೆ ಇಟ್ಟಿತಾ? ಪ್ರವಾಹದ ಎದುರು ಈಜಿ ಸುಸ್ತಾದ ಮೀನಿನ ಉಳಿದ ಶಕ್ತಿಯನ್ನು ನಾವು ಗಾಳದ ತುದಿಯಲ್ಲಿ ತೆಗೆದುಬಿಟ್ಟರೆ ಅದು ತಡವಾಗಿ ಇಡಬಹುದು, ಕಡಿಮೆ ಇಡಬಹುದು, ಇಡದೆಯೂ ಇರಬಹುದು. ಇದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಾಲ ಬಡಿದು ಹೋಯಿತು, ಚೆನ್ನಾಗಿದೆ ಅಂದುಕೊಂಡು ಮನೆಗೆ ಹೋಗುತ್ತೇವೆ. ಒಮ್ಮೆ ಒಬ್ಬರು ಫೋಟೊಗೆಂದು ಹೆಣ್ಣು ಮಹಶೀರನ್ನು ಎದೆಗೆ ಒತ್ತಿ ಎತ್ತಿದಾಗ ಹೊಟ್ಟೆಯಡಿಯಿಂದ ಹಳದಿ ಮೊಟ್ಟೆಗಳು ಅವರ ಅಂಗಿಯ ಮೇಲೆ ಸುರಿದದ್ದನ್ನು ನಾನೇ ನೋಡಿದ್ದೇನೆ. ಅವರಿಗೆ ಅದು ಏನೆಂದೇ ಗೊತ್ತಾಗಲಿಲ್ಲ. ಆ ಮೀನು ಆಮೇಲೆ ಚೆನ್ನಾಗಿಯೇ ಈಜಿ ಹೋಯಿತು.

ಇದೆಲ್ಲ ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಇನ್ನೊಂದು ಕಾರಣ, ಕಾವೇರಿಯ ಗೂನು ಬೆನ್ನಿನ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಗಾಳದಲ್ಲಿ ಹಿಡಿದದ್ದು 120 ಪೌಂಡ್ ಇತ್ತು, ಅಂದರೆ ಸುಮಾರು 54 ಕಿಲೋ. ಅಂಥ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ಅದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಯಲ್ಲಿ, ಅದರಲ್ಲೂ ಕೊನೆಯ ಹಂತದಲ್ಲಿ ಸೇರಿಸಿದರು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಅದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ನಿಮ್ಮ ಗಾಳಕ್ಕೆ ಯಾವ ಮಹಶೀರ್ ಕಚ್ಚುತ್ತದೆ ಅಂತ ನೀವು ಆರಿಸಲು ಆಗುವುದಿಲ್ಲ, ಅಲ್ವಾ?

ಇನ್ನು ತೋಟೆ ಹಾಕುವವರ ಮಾತು. ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಒಂದು ತೋಟೆ ಒಂದು ಮಡುವಿನ ಮರಿಯಿಂದ ಮುದಿ ಮೀನಿನವರೆಗೆ ಎಲ್ಲವನ್ನೂ ಕೊಲ್ಲುತ್ತದೆ. ಮರಳು ತೆಗೆಯುವವರು ಮೊಟ್ಟೆ ಇಡುವ ಜಾಗವನ್ನೇ ಹೊತ್ತೊಯ್ಯುತ್ತಾರೆ. ಅಣೆಕಟ್ಟು ಮೀನಿನ ದಾರಿ ಕಟ್ಟುತ್ತದೆ. ದೇವರ ಮೀನು ಅಂತ ಪೂಜಿಸುವ ಶಿಶಿಲದಲ್ಲೂ 1996ರಲ್ಲಿ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಕೊಂದರು. ಇವುಗಳ ಮುಂದೆ ನಿಮ್ಮ ಗಾಳ ಸಣ್ಣದು, ಒಪ್ಪುತ್ತೇನೆ. ಆದರೆ ಇಷ್ಟೆಲ್ಲ ಏಟು ತಿಂದು ಉಳಿದಿರುವ ನಾಲ್ಕು ಹೆಣ್ಣು ಮೀನುಗಳಿಗೆ ಮಳೆಗಾಲದಲ್ಲಾದರೂ ಬಿಡುವು ಬೇಕು.

ಗಾಳದವರು ಹೊಳೆಗೆ ಒಳ್ಳೆಯದನ್ನೂ ಮಾಡಿದ್ದಾರೆ, ಅದನ್ನು ಮರೆಯಬಾರದು. ಕಾವೇರಿ ದಡದ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಗಾಳದವರ ಕ್ಯಾಂಪ್‌ಗಳು ನಡೆಯುತ್ತಿದ್ದ ದಿನಗಳಲ್ಲಿ ಸುತ್ತಲ ಹಳ್ಳಿಯ ಹುಡುಗರು, ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಸೇರಿ, ರಾಗಿ ಹಿಟ್ಟಿನ ಉಂಡೆ ಕಟ್ಟಿಕೊಟ್ಟು, ಹರಿಗೋಲು ಹಾಕಿ, ಗೈಡ್ ಕೆಲಸ ಮಾಡಿ ಸಂಸಾರ ನಡೆಸುತ್ತಿದ್ದರು. ಅವರು ಇದ್ದ ಕಡೆ ತೋಟೆ ಹಾಕುವವರಿಗೆ ಧೈರ್ಯ ಇರಲಿಲ್ಲ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಸುಮಾರು 6 ಸಾವಿರ ಮೀನುಗಳ ಲೆಕ್ಕದಿಂದಲೇ, ಗೂನು ಬೆನ್ನಿನದು ಕುಸಿಯುತ್ತಿದೆ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯದು ಹೆಚ್ಚುತ್ತಿದೆ ಅಂತ ಜಗತ್ತಿಗೆ ತಿಳಿದದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಜೀವಿಯನ್ನು ಹಿಡಿಯುವುದೂ ಬೇಟೆಯೇ ಆದ್ದರಿಂದ ಕಾವೇರಿ ಅಭಯಾರಣ್ಯದೊಳಗೆ ಗಾಳ ನಿಂತಿತು. ಆಗ ಹೊಳೆ ಕಾಯುವ ಆ ಕಣ್ಣುಗಳೂ ಹೋದವು. ನನ್ನ ಅಭಿಪ್ರಾಯ ಕೇಳಿದರೆ, ಅಭಯಾರಣ್ಯದ ಹೊರಗೆ ಬೇಸಿಗೆಯಲ್ಲಿ ಪರವಾನಗಿ ಕೊಟ್ಟು, ಕಡ್ಡಾಯವಾಗಿ ಹಿಡಿದು ಬಿಡುವ ಪದ್ಧತಿ ಇರಲಿ. ಮಳೆಗಾಲದಲ್ಲಿ ಪೂರ್ತಿ ಬಂದ್ ಮಾಡಿ, ಆ ಪರವಾನಗಿ ಹಣದಲ್ಲೇ ಗೈಡ್‌ಗಳಿಗೆ ಸಂಬಳ ಕೊಟ್ಟು ಹೊಳೆ ಕಾಯಲು ಹಾಕಲಿ.

ಪ್ರಶ್ನೆ: ಕೆನಡಾದ ಟೊರಾಂಟೊದಲ್ಲಿದ್ದೇವೆ. ಇಲ್ಲಿ ಬಾಸ್ ಮೀನಿಗೆ ಜೂನ್ ಕೊನೆಯ ಹೊತ್ತಿನವರೆಗೆ ಬಿಡುವು, ಹಿಡಿದು ಬಿಡ್ತೀನಿ ಅಂದ್ರೂ ದಂಡ. ಸರೋವರದ ಆಚೆ ನ್ಯೂಯಾರ್ಕ್ ಕಡೆ ಅದೇ ಮೀನನ್ನು ಹಿಡಿದು ಬಿಡಬಹುದಂತೆ. ಯಾರು ಸರಿ?

ಉತ್ತರ: ಒಳ್ಳೆಯ ಪ್ರಶ್ನೆ, ತಜ್ಞರಲ್ಲೇ ಒಮ್ಮತ ಇಲ್ಲ. ಬಾಸ್ ಸಂಸಾರ ಬೇರೆ ಥರ. ಗಂಡು ಗೂಡು ಮಾಡಿ, ಬಾಲ ಬೀಸಿ ಮೊಟ್ಟೆಗೆ ಗಾಳಿ ಆಡಿಸುತ್ತಾ, ಹತ್ತಿರ ಬಂದದ್ದನ್ನೆಲ್ಲ ಕಚ್ಚಿ ಓಡಿಸುತ್ತಾ ಕಾಯುತ್ತದೆ. ನಿಮ್ಮ ಗಾಳವನ್ನೂ ಹಸಿವಿನಿಂದ ಕಚ್ಚುವುದಲ್ಲ, ಮಕ್ಕಳನ್ನು ಕಾಯಲು ಕಚ್ಚುತ್ತದೆ. ನೀವು ಅದನ್ನು ಎರಡು ನಿಮಿಷ ದೋಣಿಗೆ ಎತ್ತಿಕೊಂಡರೂ ಸಾಕು, ಸುತ್ತ ಹೊಂಚು ಹಾಕುತ್ತಿದ್ದ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆ ತಿನ್ನುತ್ತವೆ. ವಾಪಸ್ ಬಂದ ಗಂಡು ಕೆಲವೊಮ್ಮೆ ಗೂಡನ್ನೇ ಬಿಟ್ಟುಹೋಗುತ್ತದೆ. ಇಷ್ಟರ ಬಗ್ಗೆ ಎರಡೂ ದಡದವರಿಗೆ ತಕರಾರಿಲ್ಲ. ಕೆಲವು ಗೂಡು ಹಾಳಾದರೆ ಇಡೀ ಸರೋವರದ ಮೀನು ಕಡಿಮೆಯಾಗುತ್ತದಾ ಅನ್ನುವುದರಲ್ಲಿ ಜಗಳ. ಉಳಿದ ಗೂಡುಗಳ ಮರಿಗಳಿಗೆ ಜಾಗ, ಊಟ ಜಾಸ್ತಿ ಸಿಕ್ಕಿ ಲೆಕ್ಕ ಸರಿಹೋಗುತ್ತದೆ ಅನ್ನುತ್ತಾರೆ ನ್ಯೂಯಾರ್ಕ್ ಕಡೆಯವರು. ಮೀನು ತುಂಬಿರುವ ದೊಡ್ಡ ಸರೋವರದಲ್ಲಿ ಅದು ನಿಜ ಇರಬಹುದು. ಚಿಕ್ಕ ಕೆರೆಯಲ್ಲಿ, ವಾರಾಂತ್ಯಕ್ಕೆ ನೂರು ಜನ ಬರುವ ಕಡೆ, ನಾನು ಆ ಧೈರ್ಯ ಮಾಡುವುದಿಲ್ಲ. ನೀವಿರುವುದು ಒಂಟಾರಿಯೊದಲ್ಲಿ, ಅಲ್ಲಿಯ ನಿಯಮವೇ ನಿಮ್ಮದು. ವಲಯದಿಂದ ವಲಯಕ್ಕೆ ತಾರೀಖು ಬದಲಾಗುತ್ತದೆ, ಹೋಗುವ ಮುಂಚೆ ನೋಡಿಕೊಳ್ಳಿ.

ಪ್ರಶ್ನೆ: ಬೇರೆ ಮೀನಿಗೆ ಗಾಳ ಹಾಕಿದಾಗ ಮೊಟ್ಟೆ ಇರುವ ಮಹಶೀರ್ ಸಿಕ್ಕಿಬಿಟ್ಟರೆ ಏನು ಮಾಡಲಿ?

ಉತ್ತರ: ಆಡಿಸಬೇಡಿ, ಬೇಗ ದಡಕ್ಕೆ ತನ್ನಿ. ನೀರಿನಿಂದ ಎತ್ತಲೇಬೇಡಿ, ಫೋಟೊ ಬೇಡ, ಹೊಟ್ಟೆ ಮುಟ್ಟಬೇಡಿ, ಕಿವಿರಿಗೆ ಬೆರಳು ಹಾಕಬೇಡಿ. ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಟ್ಟಿದ್ದರೆ ಒಂದೇ ಕ್ಷಣದ ಕೆಲಸ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಕೀಳಲು ಹೋಗದೆ ದಾರ ಕತ್ತರಿಸಿ. ಮೀನಿನ ಮೂತಿಯನ್ನು ಹರಿವಿನ ಎದುರಿಗೆ ಹಿಡಿದುಕೊಳ್ಳಿ, ತಾನಾಗಿ ಒದ್ದು ಹೋಗುವವರೆಗೆ ಬಿಡಬೇಡಿ. ಆಮೇಲೆ ಗಾಳ ಸುತ್ತಿಟ್ಟು ಅಲ್ಲಿಂದ ಎದ್ದುಬಿಡಿ. ಒಂದು ಸಿಕ್ಕಿತು ಅಂದರೆ ಆ ಜಾಗದಲ್ಲಿ ಇನ್ನೂ ಇವೆ ಅಂತ ಅರ್ಥ.