ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಎಕ್ಸ್ ಮಿತಿ ಬದಲಿಸಿದರೂ ವೈ ಅಕ್ಷ ಯಾಕೆ ಹೊಂದಿಕೊಳ್ಳುವುದಿಲ್ಲ?

ಯಾಕೆಂದರೆ ವೈ ಅಕ್ಷದ ಮಿತಿಯನ್ನು ಅದು ಇಡೀ ಡೇಟಾ ನೋಡಿ ಲೆಕ್ಕ ಹಾಕುತ್ತದೆ, ತೆರೆಯ ಮೇಲೆ ಕಾಣುವ ಭಾಗವನ್ನಷ್ಟೇ ನೋಡಿ ಅಲ್ಲ. ಎಕ್ಸ್ ಮಿತಿ ಹಾಕುವ ಸೆಟ್_ಎಕ್ಸ್‌ಲಿಮ್ ಡೇಟಾವನ್ನು ಕತ್ತರಿಸುವುದಿಲ್ಲ. ಕಿಟಕಿಯನ್ನು ಸ್ವಲ್ಪ ಮುಚ್ಚಿದ ಹಾಗೆ, ನೋಟ ಮಾತ್ರ ಕಿರಿದಾಗುತ್ತದೆ, ಹೊರಗಿನದು ಹಾಗೇ ಇರುತ್ತದೆ.

ನಿಮ್ಮ ಎಕ್ಸ್ 0ಯಿಂದ 100ರವರೆಗೆ ಇದೆ, 90ರ ಹತ್ತಿರ ವೈ 1000ಕ್ಕೆ ಏರುತ್ತದೆ ಅಂದುಕೊಳ್ಳಿ. ನೀವು ಎಕ್ಸ್ ಮಿತಿಯನ್ನು 0–10 ಮಾಡಿದಿರಿ, ಅಲ್ಲಿ ವೈ ಬರೀ 2ರಿಂದ 5. ಆದರೂ ವೈ ಅಕ್ಷ 1000 ದಾಟಿಯೇ ನಿಂತಿರುತ್ತದೆ, ಹಾಗಾಗಿ ನಿಮ್ಮ ಗೆರೆ ತಳಕ್ಕೆ ಅಂಟಿಕೊಂಡು ಸಪಾಟಾಗಿ ಕಾಣುತ್ತದೆ.

ಪರಿಹಾರ ಸುಲಭ. ಕಾಣುವ ಭಾಗದ ಕನಿಷ್ಠ, ಗರಿಷ್ಠ ವೈ ಬೆಲೆಗಳನ್ನು ನೀವೇ ಹುಡುಕಿ, ಎರಡೂ ಕಡೆ ಸ್ವಲ್ಪ ಜಾಗ ಬಿಟ್ಟು, ವೈ ಮಿತಿ ಹಾಕುವ ಸೆಟ್_ವೈಲಿಮ್‌ಗೆ ಕೊಡಿ. ಬೇಡದ ಡೇಟಾ ತೆಗೆದು ಪ್ಲಾಟ್ ಮಾಡಿದರೂ ಆಗುತ್ತದೆ, ಆದರೆ ಗೆರೆ ಅಂಚು ಮುಟ್ಟುವ ಮೊದಲೇ ನಿಂತುಬಿಡಬಹುದು, ಅದಕ್ಕೇ ನನಗೆ ಮೊದಲ ದಾರಿಯೇ ಇಷ್ಟ.

ಒಂದು ಎಚ್ಚರಿಕೆ: ಸೆಟ್_ವೈಲಿಮ್ ಕರೆದ ಕೂಡಲೇ ಆ ಅಕ್ಷದ ತಾನಾಗಿ ಹೊಂದಿಕೊಳ್ಳುವ ಗುಣ ನಿಂತುಹೋಗುತ್ತದೆ. ಆಮೇಲೆ ಸೇರಿಸಿದ ಗೆರೆ ಮಿತಿಯ ಹೊರಗಿದ್ದರೆ ಸುಮ್ನೆ ಕಾಣುವುದೇ ಇಲ್ಲ. ಹಾಗಾಗಿ ಎಲ್ಲ ಗೆರೆಗಳನ್ನೂ ಎಳೆದ ಮೇಲೆ ಮಿತಿ ಹಾಕಿ.