ಮೂರು ತಿಂಗಳ ಮಗುವಿನ ಹಣೆ, ರೆಪ್ಪೆ ಮೇಲೆ ಕೆಂಪು ಮಚ್ಚೆ ಇದೆ, ತಾನಾಗೇ ಹೋಗುತ್ತಾ, ಲೇಸರ್ ಮಾಡಿಸ್ಬೇಕಾ?

ನನ್ನ ಮಗಳಿಗೂ ಹುಟ್ಟಿದಾಗಿಂದ ಹಣೆ, ರೆಪ್ಪೆ, ಕೆನ್ನೆ ಎಲ್ಲಾ ಒಂದೇ ಕಡೆ ಕೆಂಪಗಿತ್ತು, ಅದಕ್ಕೇ ಬರೀತಿದೀನಿ.

ಮೊದ್ಲು ಅದು ಯಾವ ಮಚ್ಚೆ ಅಂತ ಚರ್ಮದ ಡಾಕ್ಟ್ರ ಹತ್ರ ಖಚಿತ ಮಾಡ್ಕೊಳ್ಳಿ. ಹುಟ್ಟಿ ಕೆಲವು ವಾರಕ್ಕೆ ಬೇಗ ಬೇಗ ಉಬ್ಬಿ ಬೆಳೆದ್ರೆ ಹೆಮಾಂಜಿಯೋಮಾ, ಅಂದ್ರೆ ರಕ್ತನಾಳದ ಗಂಟು ಇರಬಹುದು, ಅದು ವರ್ಷ ಕಳೆದಂಗೆ ಕುಗ್ಗುತ್ತೆ, ಕಣ್ಣಿಗೆ ಅಡ್ಡ ಬಂದ್ರೆ ಪ್ರೊಪ್ರನೊಲಾಲ್ ಅನ್ನೋ ಔಷಧಿ ಕೊಡ್ತಾರೆ. ಹುಟ್ಟಿದಾಗ್ಲೇ ಚಪ್ಪಟೆಯಾಗಿದ್ದು ಮಗು ಬೆಳೆದಂಗೆ ಅದೂ ಬೆಳೀತಿದ್ರೆ ಪೋರ್ಟ್ ವೈನ್ ಸ್ಟೇನ್ ಇರಬಹುದು, ಅದು ತಾನಾಗಿ ಹೋಗಲ್ಲ. ನನ್ನ ಮಗಳದೂ ಇದೇ, ಒಬ್ರು ಡಾಕ್ಟ್ರು ಹೋಗುತ್ತೆ ಬಿಡಿ ಅಂದಿದ್ದಕ್ಕೆ ಒಂದೂವರೆ ವರ್ಷ ಸುಮ್ನೆ ಕಾದ್ವಿ, ಆ ಸಂಕಟ ಇನ್ನೂ ಇದೆ ನನಗೆ.

ಪೋರ್ಟ್ ವೈನ್ ಅಂತ ಡಾಕ್ಟ್ರು ಹೇಳಿದ್ರೆ ಲೇಸರ್ ಮಾತು ಆಮೇಲೆ, ಹಣೆ, ರೆಪ್ಪೆ ಮೇಲಿರೋದ್ರಿಂದ ತಡ ಮಾಡ್ದೆ ಕಣ್ಣಿನ ಪ್ರೆಶರ್ ನೋಡಿಸಿ. ಸ್ಟರ್ಜ್ ವೆಬರ್ ಅಂತ ಈ ಮಚ್ಚೆ ಜೊತೆ ಬರೋ ಒಂದು ಕಾಯಿಲೆ ಇದೆ, ಅದ್ರಲ್ಲಿ ಗ್ಲಾಕೋಮಾ (ಕಣ್ಣಿನ ಪ್ರೆಶರ್ ಏರಿ ದೃಷ್ಟಿಗೆ ತೊಂದರೆ), ಫಿಟ್ಸ್ ಬರಬಹುದು. ಎಲ್ರಿಗೂ ಬರಲ್ಲ, ಆದ್ರೆ ನೋಡಿಸ್ದೇ ಇರಬೇಡಿ.

ಇದಕ್ಕೆ ಮಾಡೋ ಲೇಸರ್ ಅಂದ್ರೆ ಪಲ್ಸ್ಡ್ ಡೈ ಅನ್ನೋ ಬಗೆ, ಅದರ ಬೆಳಕಿನ ಅಲೆಯ ಉದ್ದ 595 ನ್ಯಾನೋಮೀಟರ್. ರಕ್ತದ ಕೆಂಪು ಆ ಬೆಳಕನ್ನ ಹೀರಿ ಬಿಸಿಯಾಗಿ ಸಣ್ಣ ರಕ್ತನಾಳ ಮುಚ್ಚಿಹೋಗುತ್ತೆ. ನಮ್ಮ ಕಂದು ಬಣ್ಣದ ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ನೂ ಆ ಬೆಳಕನ್ನ ಹೀರುತ್ತೆ, ಹಾಗಾಗಿ ಸುಟ್ಟು ಕಲೆ ಉಳಿಯೋ ಅಪಾಯ ಜಾಸ್ತಿ, ನಮ್ಮಂಥ ಬಣ್ಣದ ಮಕ್ಕಳಿಗೆ ಇದನ್ನ ಮಾಡಿ ಅನುಭವ ಇರೋರ ಹತ್ರನೇ ಹೋಗಿ, ಮೊದ್ಲು ಸ್ವಲ್ಪ ಜಾಗದಲ್ಲಿ ಟೆಸ್ಟ್ ಮಾಡಿ ಅಂತ ಕೇಳಿ.

ನನ್ನ ಮಗಳಿಗೆ ಕಣ್ಣಿಗೆ ಶೀಲ್ಡ್ ಹಾಕಿ ಲೇಸರ್ ಮಾಡಿದ್ರು. ಹೊರಗೆ ಬಂದಾಗ ಕೆನ್ನೆ ತುಂಬ ದುಂಡು ದುಂಡು ಕಪ್ಪು-ನೀಲಿ ಗುರುತು, ನೇರಳೆ ಹಣ್ಣು ತಿಂದ ಬೆರಳನ್ನ ಒತ್ತಿದಂಗೆ, ನನ್ನ ಕೈಕಾಲೇ ಆಡ್ಲಿಲ್ಲ. ಹತ್ತು ದಿನಕ್ಕೆ ಅದೆಲ್ಲ ಹೋಯ್ತು. ಆರೆಂಟು ವಾರಕ್ಕೊಂದ್ಸಲ ಅಂತ ಏಳು ಸಲ ಆಗಿದೆ, ಹಣೆ ಚೆನ್ನಾಗಿ ತಿಳಿಯಾಗಿದೆ, ಮೂಗಿನ ಪಕ್ಕ ಅಷ್ಟಿಲ್ಲ, ಮುಖದ ಮಧ್ಯಭಾಗ ಹಂಗೇ ಹಠ ಮಾಡುತ್ತಂತೆ. ಪೂರ್ತಿ ಹೋಗುತ್ತೆ ಅಂತ ಯಾರಾದ್ರೂ ಮಾತು ಕೊಟ್ರೆ ನಂಬಬೇಡಿ.

ಬಸುರಿಲಿ ಗ್ರಹಣ ನೋಡಿದ್ದಕ್ಕೆ ಹಿಂಗಾಯ್ತು ಅಂತ ಯಾರಾದ್ರೂ ಅಂದ್ರೆ ಮಗುವಿನ ತಾಯಿ ಮನಸ್ಸಿಗೆ ಹಚ್ಕೋಬೇಡಿ. ಗರ್ಭದಲ್ಲಿ ಮಗುವಿನ ಕೆಲವು ಜೀವಕೋಶಗಳಲ್ಲಿ ಒಂದು ಜೀನ್ ಬದಲಾಗಿರುತ್ತೆ ಅಷ್ಟೇ, 2013ರಲ್ಲೇ ಕಂಡುಹಿಡಿದಿದಾರೆ, ಅಮ್ಮ ಮಾಡಿದ್ದೂ ಅಲ್ಲ ಬಿಟ್ಟಿದ್ದೂ ಅಲ್ಲ.

ಮತ್ತೆ ಪ್ರತಿ ಸಲ ಹೋಗೋ ಮುಂಚೆ ಅದೇ ಕಿಟಕಿ ಬೆಳಕಲ್ಲಿ ಒಂದು ಫೋಟೋ ತೆಗೀರಿ, ದಿನಾ ನೋಡೋ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ನಾಲ್ಕನೇ ಸಲದ ಫೋಟೋನ ಮೊದಲನೇದ್ರ ಪಕ್ಕ ಇಟ್ಟ ದಿನಾನೇ ನಮ್ಮನೆಯವ್ರು ಇನ್ನೂ ಮಾಡಿಸೋಣ ಅಂದಿದ್ದು.