ಮನೆ ತುಂಬ ಆಟಿಕೆ, ಆದರೂ ಮಗುವಿಗೆ ಬೋರ್

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಅಪ್ಪ, ಅಮ್ಮ ಇಬ್ಬರೂ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ಮಾತು ಶುರು ಮಾಡಿದ್ದು ತಾಯಿ. "ಮೇಡಂ, ಇವನಿಗೆ ಯಾವುದರ ಮೇಲೂ ಗಮನ ನಿಲ್ಲಲ್ಲ. ಒಂದು ಆಟಿಕೆ ತೆಗೀತಾನೆ, ಎಸೀತಾನೆ, ಇನ್ನೊಂದು ತೆಗೀತಾನೆ. ಕೊನೆಗೆ ಬೋರ್ ಅಂತ ಮೊಬೈಲ್ ಕೇಳ್ತಾನೆ." ಮಗನಿಗೆ ಏನೋ ತೊಂದರೆ ಇದೆ ಎಂಬ ಭಯ ಅವರಿಗೆ. ತಂದೆ ಸುಮ್ಮನೆ ಕೂತಿದ್ದರು.

ನನ್ನ ಕೋಣೆಯಲ್ಲಿ ಆಟಿಕೆ ಜಾಸ್ತಿ ಇಲ್ಲ. ಒಂದು ಬುಟ್ಟಿ ಮರದ ಬ್ಲಾಕ್‌ಗಳು, ಒಂದು ಬಟ್ಟೆ ಗೊಂಬೆ, ಒಂದು ಹಳೇ ಶಾಲು. ನಾವು ಮಾತಾಡುತ್ತಿದ್ದಾಗ ಹುಡುಗ ಬುಟ್ಟಿಯನ್ನು ನೆಲಕ್ಕೆ ಸುರಿದ. ಸ್ವಲ್ಪ ಹೊತ್ತಿಗೆ ಬ್ಲಾಕ್ ಜೋಡಿಸಿ ಮಂಚ ಮಾಡಿದ, ಗೊಂಬೆಯನ್ನು ಮಲಗಿಸಿದ. ಗೊಂಬೆಯ ಕಾಲು ಹೊರಗೆ ಉಳಿಯಿತು. ಇನ್ನೆರಡು ಬ್ಲಾಕ್ ತಂದು ಮಂಚವನ್ನು ಉದ್ದ ಮಾಡಿ, ಶಾಲು ಹೊದಿಸಿ, "ಪಾಪೂಗೆ ಜ್ವರ, ಗಲಾಟೆ ಮಾಡ್ಬೇಡಿ" ಎಂದು ನಮ್ಮನ್ನೇ ಗದರಿದ. ತಾಯಿ ಮಾತು ನಿಲ್ಲಿಸಿ ನೋಡುತ್ತಾ ಕೂತರು.

ಒಂದು ದಿನದ ಆಟ ನೋಡಿ ತೀರ್ಮಾನ ಮಾಡಬಾರದು. ಮಾತು, ನಿದ್ದೆ, ಶಾಲೆ, ಬೇರೆ ಮಕ್ಕಳ ಜೊತೆ ಬೆರೆಯುವುದು ಎಲ್ಲವನ್ನೂ ವಿಚಾರಿಸಿದೆ. ಚಿಂತೆ ಪಡುವಂಥದ್ದು ಏನೂ ಕಾಣಲಿಲ್ಲ. ಹಾಗಾದರೆ ಮನೆಯಲ್ಲಿ ಎಷ್ಟು ಆಟಿಕೆ ಇದೆ ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಲೆಕ್ಕವೇ ಇರಲಿಲ್ಲ.

ಆಗ ತಂದೆ ಬಾಯಿಬಿಟ್ಟರು. ಕೆಲಸದ ಮೇಲೆ ಊರೂರು ತಿರುಗುವವರು. "ಬರಿಗೈಯಲ್ಲಿ ಬಂದ್ರೆ ಅವನ ಮುಖ ಬಾಡುತ್ತೆ ಮೇಡಂ." ಗಂಟು ಇಲ್ಲೇ ಇತ್ತು ಅಂತ ನನಗನ್ನಿಸಿತು. ಆಟಿಕೆ ಬೇಕಿದ್ದದ್ದು ಮಗನಿಗಿಂತ ಜಾಸ್ತಿ ಅಪ್ಪನಿಗೆ, ಮನೆಯಲ್ಲಿ ಇರಲಾಗದ ಬೇಸರ ಕಳೆಯೋಕೆ. ಇದನ್ನು ಅವರಿಗೆ ಮೆತ್ತಗೆ ಹೇಳಿದೆ. ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ತಿಳಿಸಿದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳಿಗೆ ಒಮ್ಮೆ 4, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದ್ದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಆ ಮಕ್ಕಳು ಇವನಿಗಿಂತ ಚಿಕ್ಕವರು, ನಿಜ. ಆದರೆ ಇವನೂ ನಮ್ಮ ಕಣ್ಣೆದುರೇ ಹಾಗೇ ಆಡುತ್ತಿದ್ದನಲ್ವಾ?

ತಾಯಿ ಕೂಡಲೇ, "ಇವತ್ತೇ ಎಲ್ಲಾ ಎತ್ತಿ ಹಾಕ್ತೀನಿ" ಅಂದರು. ಬೇಡವೇ ಬೇಡ ಎಂದೆ. ಮಗು ಶಾಲೆಯಿಂದ ಬರುವಷ್ಟರಲ್ಲಿ ಆಟಿಕೆ ಮಾಯವಾಗಿದ್ದರೆ ಅದು ಶಿಕ್ಷೆ ಅನ್ನಿಸುತ್ತೆ. ಉಳಿದದ್ದನ್ನು ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬೇರ್ಪಡಿಸಿ. ಅವನಿಗೆ ಇಷ್ಟವಾದ ಐದಾರು ಹೊರಗಿರಲಿ, ಮಿಕ್ಕವು ಡಬ್ಬದಲ್ಲಿ ಕಣ್ಣಿಗೆ ಕಾಣದ ಕಡೆ ಹೋಗಲಿ. ಆಸಕ್ತಿ ಇಳಿದಾಗ ಒಂದೆರಡನ್ನು ಅದಲುಬದಲು ಮಾಡಿ. ಮುರಿದದ್ದು, ಬ್ಯಾಟರಿ ಮುಚ್ಚಳ ಸಡಿಲವಾದದ್ದು ಮಾತ್ರ ಆವತ್ತೇ ಹೊರಹೋಗಬೇಕು. ನಾಣ್ಯದಂಥ ಬಟನ್ ಬ್ಯಾಟರಿ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು.

ಇನ್ನು ಮುಂದೆ ಏನು ಕೊಳ್ಳಬೇಕು? ಗುಂಡಿ ಒತ್ತಿದರೆ ಹಾಡಿ, ಕುಣಿದು ಮುಗಿಸುವ ಆಟಿಕೆಯಲ್ಲಿ ಮಗುವಿಗೆ ಮಾಡೋಕೆ ಏನೂ ಉಳಿದಿರಲ್ಲ. ಎರಡು ವರ್ಷ ಬಿಟ್ಟು ಇದರಲ್ಲೇ ಬೇರೆ ಆಟ ಆಡಬಹುದಾ, ಮುರಿದರೆ ರಿಪೇರಿ ಆಗುತ್ತಾ, ಇಷ್ಟು ನೋಡಿದರೆ ಸಾಕು. ಬ್ಲಾಕ್, ಚೆಂಡು, ಗೊಂಬೆ, ಪುಟಾಣಿ ಪಾತ್ರೆಗಳಿಗೆ ವಯಸ್ಸಾಗಲ್ಲ. ಒಂದಕ್ಕೊಂದು ಕೂರಿಸಿ ಆಡುವ ಪ್ಲಾಸ್ಟಿಕ್ಕಿನ ಲೆಗೊ ಇಟ್ಟಿಗೆಗಳನ್ನೇ ನೋಡಿ, 1958ರ ಇಟ್ಟಿಗೆ ಇವತ್ತಿನದಕ್ಕೂ ಕೂರುತ್ತೆ. ಅಜ್ಜಿ, ತಾತ, ಅತ್ತೆ, ಮಾವ ಕೊಡಬೇಕೆಂದರೆ ಎಲ್ಲ ಸೇರಿ ಒಂದೇ ಗಟ್ಟಿಯಾದದ್ದು ಕೊಡಲಿ.

ತಂದೆಗೆ ಹೇಳಿದ್ದು ಬೇರೆ. ಮನೆಗೆ ಬಂದ ದಿನ ಫೋನ್ ಪಕ್ಕಕ್ಕಿಟ್ಟು ಅರ್ಧ ಗಂಟೆ ನೆಲದ ಮೇಲೆ ಕೂತ್ಕೊಳ್ಳಿ, ಆಟ ಯಾವುದು ಅಂತ ಅವನೇ ಹೇಳಲಿ. ಮೊದಮೊದಲು "ಏನು ತಂದಿದ್ದೀಯಾ?" ಅಂತ ಬ್ಯಾಗ್ ಹುಡುಕ್ತಾನೆ, ಅಳ್ತಾನೆ. ಅಳಲಿ, ಸಮಾಧಾನ ಮಾಡಿ. ಅಂಗಡಿಗೆ ಮಾತ್ರ ಓಡಬೇಡಿ.

ಒಂದು ತಿಂಗಳ ನಂತರ ಬಂದಾಗ ಹುಡುಗ ಮನೆಯಲ್ಲೂ ಕೂತು ಆಡುತ್ತಿದ್ದ. ಅಪ್ಪ ಒಂದು ಸಲ ತಡೆಯಲಾಗದೆ ರಿಮೋಟ್ ಕಾರ್ ತಂದುಬಿಟ್ಟಿದ್ದರು, ಅದೂ ಡಬ್ಬ ಸೇರಿತ್ತು. ಮೊಬೈಲ್ ಜಗಳ ಮಾತ್ರ ಹಾಗೇ ಇತ್ತು. ಆವತ್ತಿನ ಮಾತು ಅದರಿಂದಲೇ ಶುರುವಾಯಿತು.